ಕೀಲಿಮಣೆಯ ದೋಷವನ್ನು ಹುಡುಕುವ ಬಗೆ



ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವವರು. ಆದುದರಿಂದ ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಒಂದೇ ಕೀಲಿಮಣೆಯು ಎರಡು ಲಿಪಿಗಳಿಗೂ ಒದಗಬೇಕಾಗುವುದು. ಕಳೆದ ವರ್ಷ ಎಂಟನೆಯ ತರಗತಿಯ ಬಾಲಕನೊಬ್ಬನು ‘ಕ್ಕ’ ಎಂಬ ಒತ್ತಕ್ಷರವನ್ನು ಮೂಡಿಸಲು ಹೋದಾಗ ತೆರೆಯ ಮೇಲೆ ‘ಕಿಕ’ ಎಂದು ಬಂದಿತು. ಮತ್ತೆ ಮತ್ತೆ ಹಾಗೆಯೇ ಆಗಲು, ತನಗೆ ಕನ್ನಡ ಬರೆಯಲು ಬಾರದೆಂದು ಅವನು ಎದ್ದುಹೋದನು. ಕೆಟ್ಟಿತೆಂದು ಆ ಕೀಲಿಮಣೆಯನ್ನೂ ಮೂಲೆಗೆ ಸೇರಿಸಲಾಯಿತು. ನಿಜವಾಗಿ ತಪ್ಪು ಬಾಲಕನದೂ ಅಲ್ಲ, ಕೀಲಿಮಣೆಯದೂ ಅಲ್ಲ.

ನಮ್ಮ ಯಂತ್ರಗಳಲ್ಲಿ ಡಿಸ್ಕ್ ಇಲ್ಲ. ಗುಂಡಿಯನ್ನು ಒತ್ತಿದೊಡನೆ ಯಂತ್ರವು ತಂತಿಯ ಮೂಲಕ ಸರ್ವರಿನಿಂದ ಕಾರ್ಯವ್ಯವಸ್ಥೆಯನ್ನು ತರಿಸಿಕೊಳ್ಳುವುದು. 1999ರಲ್ಲಿ ಆರಂಭವಾದ ಎಲ್‌ಟಿಎಸ್‌ಪಿ ಎಂಬ ಮುಕ್ತ ತಂತ್ರಾಂಶವು ಈ ಬಗೆಯದು. ಹೀಗೆ ಬಂದದ್ದು ಯಂತ್ರದಲ್ಲಿ ಶಾಶ್ವತವಾಗಿ ನಿಲ್ಲದು. ಯಂತ್ರವನ್ನು ಆರಿಸಿದರೆ ಅಳಿಯುವುದು. ಆದುದರಿಂದ ವ್ಯವಸ್ಥೆಯನ್ನು ಮಕ್ಕಳ ಮೇಜಿನಲ್ಲಿ ತಿದ್ದಿದರೆ ಮರುದಿನ ಉಳಿಯದು, ಸರ್ವರಿನಲ್ಲಿಯೇ ತಿದ್ದಬೇಕು.

ದೋಷವು ಎಲ್ಲಿದೆಯೆಂಬುದನ್ನು ಹೀಗೆ ಪರೀಕ್ಷಿಸತಕ್ಕದ್ದು:

1. ಪಕ್ಕದ ಯಂತ್ರದೊಡನೆ ಕೀಲಿಮಣೆಯನ್ನು ಅದಲುಬದಲು ಮಾಡಿರಿ. ದೋಷವು ಕೀಲಿಮಣೆಯ ಜೊತೆಗೆ ಹೋದರೆ ಅದು ಕೀಲಿಮಣೆಯದು ಅಥವಾ ಅದರ ತಂತಿಯದು.

2. ಒಂದೇ ಯಂತ್ರದಲ್ಲಿ ಉಳಿದರೆ, ಚುಚ್ಚುವ ಕಿಂಡಿಯನ್ನೂ ಯಂತ್ರದ ಬಯೋಸ್‌ನಲ್ಲಿ ಯುಎಸ್‌ಬಿ ಕೀಲಿಮಣೆಯ ಆಯ್ಕೆಯನ್ನೂ ನೋಡಿರಿ.

3. ಎಲ್ಲ ಯಂತ್ರಗಳಲ್ಲಿಯೂ ಕಂಡರೆ ದೋಷವು ಸರ್ವರಿನಲ್ಲಿದೆ.

4. ಒಬ್ಬ ವಿದ್ಯಾರ್ಥಿಯು ಎಲ್ಲಿ ಕುಳಿತರೂ ಅವನಿಗೆ ಮಾತ್ರ ಆದರೆ, ಸರ್ವರಿನಲ್ಲಿರುವ ಅವನ ಖಾತೆಯ ಆಯ್ಕೆಯನ್ನು ತಿದ್ದಿರಿ.

ನಮ್ಮಲ್ಲಿ ಕೀಲಿಮಣೆಗಳನ್ನು ಬದಲಿಸಿದರೂ ಎಲ್ಲ ಯಂತ್ರಗಳಲ್ಲಿ ‘ಕಿಕ’ ಎಂದೇ ಬಂದಿತು. ಬಾಲಕನು ಕಲಿತದ್ದು ‘ನುಡಿ’ಯಲ್ಲಿ ಬಳಸುವ ಕೀಲಿವಿನ್ಯಾಸ, ಅದರಲ್ಲಿ ‘ಎಫ್’ ಕೀಲಿಯಿಂದ ಒತ್ತಕ್ಷರವಾಗುವುದು. ಸರ್ವರಿನಲ್ಲಿದ್ದುದು ಇನ್‌ಸ್ಕ್ರಿಪ್ಟ್, ಅದರಲ್ಲಿ ‘ಎಫ್’ ಗುಡಿಸನ್ನು ಕೊಡುವುದು, ಒತ್ತಿಗೆ ‘ಡಿ’ ಕೀಲಿ. ಇನ್‌ಸ್ಕ್ರಿಪ್ಟ್‌ಗೂ ಒಂದು ಗುಣವುಂಟು: ಕನ್ನಡದ ‘ಕ’ ಮತ್ತು ಮರಾಠಿಯ ‘ಕ’ ಎರಡಕ್ಕೂ ಒಂದೇ ಕೀಲಿ. ಆದುದರಿಂದ ಎರಡು ವಿನ್ಯಾಸಗಳನ್ನೂ ಸರ್ವರಿನಲ್ಲಿ ಸೇರಿಸಿದೆವು. ಮೂಲೆಯ ಕೀಲಿಮಣೆ ಮೇಜಿಗೆ ಮರಳಿತು, ಬಾಲಕನೂ ಮರಳಿದನು.

ದೋಷದ ಸ್ಥಾನವನ್ನು ಮೊದಲು ಗೊತ್ತುಮಾಡಿರಿ. ಹೊಣೆಯನ್ನು ಆಮೇಲೆ ಹೊರಿಸಿರಿ. ಒಳ್ಳೆಯ ಕೀಲಿಮಣೆಯನ್ನು ಎಸೆದರೆ ಶಾಲೆಗೆ ಹಣ ನಷ್ಟ. ತಪ್ಪಿಲ್ಲದ ಮಗುವನ್ನು ಗದರಿದರೆ ತನ್ನ ನುಡಿಯಲ್ಲಿ ಅದಕ್ಕಿರುವ ಧೈರ್ಯವೇ ನಷ್ಟ.