ಕೆರೆ ಏರಿಗೆ ಹಿಮದ ಕೋಲೇಕೆ?

ಹಿಮಗಡ್ಡೆಗೆ ತೂತು ಕೊರೆದು ಮೀನೆತ್ತುವ ವಿಡಿಯೊ ನೋಡಿದ ಹನಗೋಡಿನ ಓದುಗರೊಬ್ಬರಿಗೆ ಆಸೆ ಹುಟ್ಟಿದೆ: ಅಂಥದೇ ಗಿಡ್ಡ ಕೋಲನ್ನು ಮನೆಯಲ್ಲೇ ಕಟ್ಟಿ ಕೆರೆಯ ದೊಡ್ಡ ಕಾಟ್ಲಾ ಹಿಡಿಯಬಹುದೇ?

ಕಟ್ಟಬಹುದು, ಗಿಡ್ಡದು ಬೇಡ. ಅಲ್ಲಿ ತೂತು ಕಾಲಬುಡದಲ್ಲೇ ಇರುವುದರಿಂದ ಎರಡು-ಮೂರು ಅಡಿ ಸಾಕು. ದಡದಿಂದ ಗಾಳ ಬೀಸುವವರಿಗೆ ಏಳೆಂಟು ಅಡಿಯಾದರೂ ಬೇಕು.

ಫೈಬರ್‌ಗ್ಲಾಸ್ ಕಡ್ಡಿ ಎಳೆತಕ್ಕೆ ಬಾಗುತ್ತದೆ, ಸುಲಭಕ್ಕೆ ಮುರಿಯದು. ಕಾರ್ಬನ್ ಹಗುರ, ಕಲ್ಲಿಗೆ ತಗುಲಿದರೆ ನಾಜೂಕು. ಕಡ್ಡಿಯ ತುದಿಯನ್ನು ನೆಲಕ್ಕೂರಿ, ಬಾಗಿಸಿ ಉರುಳಿಸಿದರೆ ತಾನೇ ಒಂದು ಕಡೆಗೆ ತಿರುಗಿ ನಿಲ್ಲುತ್ತದೆ. ಆ ಕಡೆಯನ್ನು, ಅಂದರೆ ಕಡ್ಡಿಯ ಬೆನ್ನನ್ನು, ಗುರುತು ಹಾಕಿಕೊಂಡೇ ದಾರ ಹಾಯುವ ಉಂಗುರ ಕಟ್ಟಬೇಕು. ತುದಿಯಲ್ಲಿ ಉಂಗುರಗಳು ಒತ್ತೊತ್ತಾಗಿ, ಹಿಡಿಯತ್ತ ವಿರಳವಾಗಿ ಇರಲಿ. ನೈಲಾನ್ ನೂಲು ಬಿಗಿಯಾಗಿ ಸುತ್ತಿ ಎಪಾಕ್ಸಿ ಬಳಿದ ಮೇಲೆ, ಅದು ಗಟ್ಟಿಯಾಗುವವರೆಗೆ ಕೋಲನ್ನು ತಿರುಗಿಸುತ್ತಲೇ ಇರಬೇಕು. ಇಲ್ಲದಿದ್ದರೆ ಅಂಟು ಒಂದೇ ಕಡೆ ಜೋಲುತ್ತದೆ. ಬೇಸರದ ಕೆಲಸ, ನಿಜ.

ಕೋಲು ಕೈಗೆ ಬಂದ ಮೇಲೆ ನದಿಯ ದೊಡ್ಡ ಮೀನಿನ ಕನಸೂ ಬೀಳಬಹುದು: 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿ ನದಿಯಲ್ಲಿ 120 ಪೌಂಡಿನ ಮಹಶೀರ್ ಮೀನು ಹಿಡಿದಿದ್ದರು. ಆ ಆಸೆ ಬೇಡ: ಕಾವೇರಿ ಕೊಳ್ಳದ ಡುಬ್ಬದ ಮಹಶೀರ್ 2018ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಅಳಿವಿನ ಅತಿ ಅಪಾಯದ ಪಟ್ಟಿಯಲ್ಲಿದೆ. ಹನಗೋಡಿನ ಹತ್ತಿರದ ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗಂತೂ ಗಾಳ ಹಾಕುವಂತಿಲ್ಲ. ಊರ ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಕೋಲು ಕಟ್ಟುವ ಮೊದಲೇ ಗುತ್ತಿಗೆದಾರರನ್ನು ಒಂದು ಮಾತು ಕೇಳಿ.