ಜಾಲಿಗಿಡದ ಕೆಳಗೆ ಕೂತ ಸೈನಿಕ

ಇವತ್ತಿನ ಪಾಠಕ್ಕೆ 1 ಅರಸುಗಳು 19ನೇ ಅಧ್ಯಾಯ, 1ರಿಂದ 10ನೇ ವಚನ ತೆಗೆಯಿರಿ.

ಎಲೀಯನು ಕರ್ಮೆಲ್ ಬೆಟ್ಟದಲ್ಲಿ ಗೆದ್ದು ಬಂದವನು. ಆದರೂ ಆಳನ್ನು ಹಿಂದೆ ಬಿಟ್ಟು, ಅಡವಿಗೆ ನಡೆದು, ಜಾಲಿಗಿಡದ ಕೆಳಗೆ ಕೂತು ಸಾವನ್ನು ಬೇಡಿಕೊಂಡ. ಹೇಡಿಯಾಗಿದ್ದನಾ? ಇಲ್ಲ. ದಣಿದಿದ್ದ, ಒಂಟಿಯಾಗಿದ್ದ. ಯುದ್ಧ ನೋಡಿ ಮನೆಗೆ ಬಂದ ಎಷ್ಟೋ ಸೈನಿಕರ ಸ್ಥಿತಿಯೂ ಇದೇ. ಎದೆ ಮೇಲೆ ಪದಕ, ಕಣ್ಣಿಗೆ ನಿದ್ದೆ ಇಲ್ಲ.

ಅಮೆರಿಕದಲ್ಲಿ ಇಂಥ ಮಾಜಿ ಸೈನಿಕರಿಗೆ 2007ರಿಂದ ‘ವೆಟರನ್ಸ್ ಕ್ರೈಸಿಸ್ ಲೈನ್’ ಅನ್ನೋ ಸಹಾಯವಾಣಿ ಇದೆ. ಈಗ ಅಲ್ಲಿ 988ಕ್ಕೆ ಕರೆ ಮಾಡಿ 1 ಒತ್ತಿದರೆ ಸಾಕು, ಮಧ್ಯರಾತ್ರಿಯಲ್ಲೂ ಆಪ್ತಸಮಾಲೋಚಕರು ಸಿಗುತ್ತಾರೆ. ಅವರ ಕೆಲಸದಿಂದ ನಾವು ಮೂರು ಸಂಗತಿ ಕಲಿಯೋಣ.

1. ಮೊದಲು ಕೇಳಿಸಿಕೊಳ್ಳುತ್ತಾರೆ. ಗದರಿಸೋದಿಲ್ಲ, ಉಪದೇಶ ಮಾಡೋದಿಲ್ಲ. ದೇವರು ಸಹ ಎಲೀಯನಿಗೆ ಒಂದು ಪ್ರಶ್ನೆ ಕೇಳಿ, ಅವನ ದುಃಖವನ್ನೆಲ್ಲ ಹೇಳಿಕೊಳ್ಳಲು ಬಿಟ್ಟನು.

2. ನೇರವಾಗಿ ಕೇಳುತ್ತಾರೆ: "ಸಾಯುವ ಯೋಚನೆ ಬರ್ತಾ ಇದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ನಾವು ಹೆದರುತ್ತೇವೆ. ಹಾಗೇನೂ ಇಲ್ಲ. ಕೇಳಿದಾಗಲೇ ಎದೆಯ ಭಾರ ಬಾಯಿಗೆ ಬರುತ್ತದೆ.

3. ಈ ರಾತ್ರಿ ದಾಟಿಸುತ್ತಾರೆ. ಮನೇಲಿ ಬಂದೂಕು ಇದೆಯಾ, ಯಾರಾದರೂ ಅದನ್ನು ಬೀಗ ಹಾಕಿ ಇಡಬಹುದಾ, ಜೊತೆಗೆ ಯಾರಿದ್ದಾರೆ ಅಂತ ವಿಚಾರಿಸುತ್ತಾರೆ. ಸಾಯಬೇಕೆಂಬ ಆವೇಗ ಬಹಳ ಸಲ ಸ್ವಲ್ಪ ಹೊತ್ತಿನದು. ಅಷ್ಟು ಹೊತ್ತು ಆಯುಧ ಕೈಗೆ ಸಿಗದಿದ್ದರೆ ಜೀವ ಉಳಿಯಬಹುದು. ದೂತನು ಎಲೀಯನಿಗೆ ಕೊಟ್ಟದ್ದು ರೊಟ್ಟಿ, ನೀರು, ನಿದ್ದೆಗೆ ಸಮಯ. ಅದೂ ಒಂದೇ ಸಲವಲ್ಲ, ಎರಡನೇ ಸಲವೂ ಬಂದನು.

ಪ್ರಿಯರೇ, ನಮ್ಮ ಕೊಡಗು, ಬೆಳಗಾವಿ ಕಡೆಯಲ್ಲೂ ಸೈನ್ಯದಿಂದ ನಿವೃತ್ತರಾದ ಅಣ್ಣಂದಿರು ಎಷ್ಟು ಜನ! ಅಂಥವರೊಬ್ಬರು ಬಂದು ಬದುಕು ಸಾಕು ಅಂದರೆ, "ನಿಮಗೆ ವಿಶ್ವಾಸ ಸಾಲದು" ಅನ್ನಬೇಡಿರಿ. ಪ್ರಾರ್ಥಿಸಿರಿ, ಆದರೆ ಪ್ರಾರ್ಥನೆ ಮುಗಿಸಿ ಅವರನ್ನು ಒಬ್ಬರೇ ಮನೆಗೆ ಕಳಿಸಬೇಡಿರಿ. ಪಕ್ಕದಲ್ಲಿ ಕೂತು ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿರಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣಾಪಾಯ ಕಂಡರೆ ತಡಮಾಡದೆ 112.

ಈ ವಾರ ಒಬ್ಬರ ಬಾಗಿಲು ತಟ್ಟಿರಿ. ಮುಂದಿನ ವಾರ ಮತ್ತೆ ತಟ್ಟಿರಿ. ಆಮೆನ್.