ಸೀಸದ ಧೂಳಿಗೆ ನುಗ್ಗೆ ಪುಡಿ ಸಾಕೇ?

ಪ್ರಶ್ನೆ: ಮುಂಬೈಯ ಕುರ್ಲಾದಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಕೆಲಸ ನನ್ನದು. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ವೀರ್ಯಾಣು ಕಡಿಮೆಯಂತೆ. ನುಗ್ಗೆ, ನೆಲ್ಲಿಕಾಯಿ ಪುಡಿ ತಿಂದರೆ ಸರಿಹೋಗುತ್ತದೆಯೇ?

ಉತ್ತರ: ತಿನ್ನಿ, ತಪ್ಪಿಲ್ಲ. ಆದರೆ ಅದನ್ನೇ ನಂಬಿ ಕೂರಬೇಡಿ. ಸೀಸವು ವೀರ್ಯಾಣುಗಳ ಸಂಖ್ಯೆಯನ್ನೂ ಚಲನೆಯನ್ನೂ ಕುಗ್ಗಿಸುತ್ತದೆ. ವಿಟಮಿನ್ ಸಿ, ಇ ಮತ್ತು ನುಗ್ಗೆಸೊಪ್ಪಿನ ಸಾರ ಈ ಹಾನಿಯನ್ನು ತಗ್ಗಿಸಿದ್ದು ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗಗಳಲ್ಲಿ. ದಿನವಿಡೀ ಸೀಸ ಒಳಗೆ ಹೋಗುತ್ತಿದ್ದರೆ ಯಾವ ಪುಡಿಯೂ ಅದನ್ನು ತಡೆಯಲಾರದು.

ಊಟದಿಂದ ಆಗುವ ಉಪಕಾರ ಬೇರೆ. ಖಾಲಿ ಹೊಟ್ಟೆಯಲ್ಲಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿದ್ದಾಗ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ಕೆಲಸಕ್ಕೆ ಹೋಗುವ ಮುನ್ನ ತಿಂಡಿ ತಪ್ಪಿಸಬೇಡಿ. ರಾಗಿ, ಹಾಲು, ಸೊಪ್ಪು ಇರಲಿ.

ಮೊದಲು ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷಿಸಿ. ಒಂದು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಮೂಲ ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ನಿಮ್ಮ ಮೂಲ ಕಣ್ಣೆದುರೇ ಇದೆ. ಧೂಳು ತಡೆಯುವ ಸರಿಯಾದ ಮಾಸ್ಕ್ ಬೇಕು. ಬಟ್ಟೆ ಅಲ್ಲೇ ಬದಲಿಸಿ, ಸ್ನಾನ ಮಾಡಿಯೇ ಮನೆಗೆ ಹೋಗಿ. ಆ ಧೂಳು ನಿಮ್ಮ ಹೆಂಡತಿಗೂ ಅಪಾಯ. ಸಾಧ್ಯವಾದರೆ ಕೆಲಸವನ್ನೇ ಬದಲಿಸಿ. ಹೇಳುವುದು ಸುಲಭ, ಬಲ್ಲೆ, ಆದರೂ ಹೇಳಲೇಬೇಕು.

ಗಂಡಸುತನಕ್ಕೆಂದು ಮಾರುವ ಭಸ್ಮಗಳನ್ನು ಮುಟ್ಟಬೇಡಿ. ಕೆಲವುಗಳಲ್ಲಿ ಸೀಸ, ಪಾದರಸವೇ ಇರುತ್ತವೆ.

ವೀರ್ಯಾಣು ಬೆಳೆಯಲು ಸುಮಾರು 74 ದಿನ ಬೇಕು. ಧೂಳಿನಿಂದ ದೂರವಾಗಿ ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷೆ ಮಾಡಿಸಿ. ಅಷ್ಟರೊಳಗೆ ಪರೇಲಿನ ಕೆಇಎಂನಂಥ ದೊಡ್ಡ ಆಸ್ಪತ್ರೆಯಲ್ಲಿ ಇಬ್ಬರೂ ತಪಾಸಣೆ ಮಾಡಿಸಿಕೊಳ್ಳಿ. ವೈದ್ಯರಿಗೆ ನಿಮ್ಮ ಕೆಲಸವೇನೆಂದು ತಪ್ಪದೆ ಹೇಳಿ.